ಉಳುಕು ತೆಗೆಯುವ ಕಾಲು

ನನ್ನ ಮೈಯಲ್ಲಿ ಹೇಳಿಕೊಳ್ಳುವಂಥ ಅಂಗ ಒಂದೇ ಒಂದು, ಬಲಗಾಲು. ತಲೆಯ ವಿಷಯದಲ್ಲಿ ಮೇಷ್ಟ್ರುಗಳೆಲ್ಲ ಬಹಳ ಹಿಂದೆಯೇ ಕೈಚೆಲ್ಲಿ ಕೂತಿದ್ದರು. ಕಾಲಿಗೆ ಮಾತ್ರ ಹುಟ್ಟಿದ ದಿನವೇ ಹೆಸರು ಬಂತು. ಎಲ್ಲರೂ ತಲೆ ಮುಂದಾಗಿ ಹುಟ್ಟಿದರೆ ನಾನು ಕಾಲು ಮುಂದಾಗಿ ಹುಟ್ಟಿದೆನಂತೆ. ಅಂಥವರು ಉಳುಕಿದ ಜಾಗವನ್ನು ಕಾಲಿನಿಂದ ಮೂರು ಸಲ ನೀವಿದರೆ ಉಳುಕು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಮ್ಮವ್ವ ಇದನ್ನು ಹೊಳೆನರಸೀಪುರದ ಮನೆಮನೆಗೂ ಹೇಳಿಕೊಂಡು ಬಂದಳು. ಅಂದಿನಿಂದ ಸೊಂಟ, ಕತ್ತು, ಪಾದ ಹಿಡಿದುಕೊಂಡವರೆಲ್ಲ ನಮ್ಮ ಬಾಗಿಲಿಗೇ ಬರುತ್ತಾರೆ. ಆಫೀಸಿನಲ್ಲಿ ನಾನೊಬ್ಬ ಗುಮಾಸ್ತ, ನನ್ನನ್ನು ಕಂಡು ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಆದರೆ ಸೊಂಟ ಹಿಡಿದ ದಿನ ನಮ್ಮ ಸಾಹೇಬರೇ ನನ್ನ ಕಾಲ ಬುಡದಲ್ಲಿ ಬೋರಲು ಮಲಗಿದ್ದರು. ಆ ಸುಖ ಅನುಭವಿಸಿದವನಿಗೇ ಗೊತ್ತು.

ಇಂಥ ಕಾಲು ಈಚೆಗೆ ಉಳುಕಿತು. ಚನ್ನರಾಯಪಟ್ಟಣದಿಂದ ಬಂದವನು, ಹಳೇ ಚಾಳಿಯಂತೆ ಬಸ್ಸು ಪೂರ್ತಿ ನಿಲ್ಲುವ ಮೊದಲೇ, ಫೋನು ನೋಡುತ್ತ ಇಳಿದೆ. ಕಾಲಡಿ ಒಂದು ತೆಂಗಿನ ಸಿಪ್ಪೆ. ಪಾದ ಒಳಕ್ಕೆ ಹೊರಳಿತು. ಮನೆ ಸೇರುವಷ್ಟರಲ್ಲಿ ಹೊರಪಕ್ಕ ಬಾತು ನಿಂಬೆಹಣ್ಣಿನಷ್ಟಾಗಿತ್ತು. ನನ್ನ ಹೆಂಡತಿ ಸುಜಾತ ನೋಡಿದವಳೇ, "ಊರೋರ ಉಳುಕೆಲ್ಲ ಎಲ್ಲಿಗೋಯ್ತದೆ ಅಂತಿದ್ದೆ, ನಿಮ್ಮ ಕಾಲಲ್ಲೇ ಸೇರ್ಕಂಡಿತ್ತು ಕಣ್ರೀ" ಎಂದಳು. ನನಗೆ ನೋವಿಗಿಂತ ಮಾನದ ಚಿಂತೆ. ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡೆ. ಬಾಗಿಲು ಹಾಕಿಕೊಂಡು ಬಲಗಾಲಿನಿಂದಲೇ ಬಲಗಾಲನ್ನು ನೀವಲು ನೋಡಿದೆ. ದೇವರು ಆ ಸೌಲಭ್ಯ ಕೊಟ್ಟಿಲ್ಲ. ಕೊನೆಗೆ ಎಣ್ಣೆ ಬಿಸಿ ಮಾಡಿ ಗಸಗಸ ತಿಕ್ಕಿದೆ, ನಿಂಬೆಹಣ್ಣು ಮೂಸಂಬಿಯಾಯಿತು.

ಮಾರನೇ ದಿನ ಸುಜಾತ ನನ್ನನ್ನು ಹಾಸನಕ್ಕೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಮೂಳೆಯ ಮೇಲೆ ಅಲ್ಲಲ್ಲಿ ಒತ್ತಿ ನೋಡಿ, "ನಾಲ್ಕು ಹೆಜ್ಜೆ ನಡೀರಿ" ಎಂದರು. ಕುಂಟಿಕೊಂಡೇ ನಡೆದೆ. "ಬರೀ ಉಳುಕು. ನಾಲ್ಕು ಹೆಜ್ಜೆನೂ ಇಡಕ್ಕಾಗದೇ ಇದ್ದಿದ್ರೆ ಎಕ್ಸ್‌ರೇ ತೆಗೆಸ್ಬೇಕಿತ್ತು. ಅದ್ಸರಿ, ಬಿಸಿ ಎಣ್ಣೆ ತಿಕ್ಕಿದ ಬುದ್ಧಿವಂತರು ಯಾರು?" ಎಂದು ಕೇಳಿದರು. ನಾನು ಸುಜಾತಳ ಕಡೆ ನೋಡಿದೆ, ಸುಜಾತ ನನ್ನ ಕಡೆ ಬೆರಳು ತೋರಿಸಿದಳು. ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸು, ಬ್ಯಾಂಡೇಜು, ದಿಂಬಿನ ಮೇಲೆ ಕಾಲು, ಆಮೇಲೆ ನಿಧಾನವಾಗಿ ಓಡಾಟ. ನೋವು ಇಳಿದ ಮೇಲೆ ದಿನಾ ಒಂಟಿ ಕಾಲಲ್ಲಿ ನಿಲ್ಲುವ ವ್ಯಾಯಾಮ ಮಾಡಬೇಕು, ಇಲ್ಲದಿದ್ದರೆ ಅದೇ ಕಾಲು ಮತ್ತೆ ಮತ್ತೆ ಉಳುಕುತ್ತದಂತೆ. ನನ್ನ ಕಾಲಿನ ಮಹಿಮೆಯನ್ನು ಅವರಿಗೂ ಒಂದಿಷ್ಟು ತಿಳಿಸೋಣವೆಂದು ಬಾಯಿ ತೆರೆದೆ. ಸುಜಾತ ತೊಡೆ ಚಿವುಟಿದಳು.

ಮೂರನೇ ದಿನ ಬೆಳಿಗ್ಗೆ ಮನೆ ಮುಂದೆ ಆಟೋ ನಿಂತಿತು. ಅರಕಲಗೂಡಿನ ಕಡೆಯ ಪುಟ್ಟಮ್ಮಜ್ಜಿ ಮಗನ ಹೆಗಲು ಹಿಡಿದು ಇಳಿದಳು. ಜೋಳದ ಹೊಲದ ಬದು ಇಳಿಯುವಾಗ ಕಾಲು ಹೊರಳಿತಂತೆ. ನಾನು ಗಡಬಡಿಸಿ ಬ್ಯಾಂಡೇಜಿನ ಮೇಲೆ ಟವೆಲ್ಲು ಎಳೆದುಕೊಂಡೆ. "ಒಂದ್ಕಿತ ಕಾಲಾಡ್ಸಪ್ಪ, ನಾಳೀಕೆ ಹೊಲಕ್ಕೋಗ್ಬೇಕು" ಎಂದು ಅಜ್ಜಿ ಪಾದ ಚಾಚಿದಳು. ನೀಲಿಗಟ್ಟಿ ಊದಿಕೊಂಡಿತ್ತು. ಸುಳ್ಳೇಕೆ ಹೇಳಲಿ, ಎಡಗಾಲಲ್ಲೇ ಮೂರು ಸಲ ನೀವಿ ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಕಾಲು ಎತ್ತಿಯೂ ಬಿಟ್ಟಿದ್ದೆ. ಡಾಕ್ಟರಮ್ಮನ ಮಾತು ನೆನಪಾಗಿ, "ಅಜ್ಜೀ, ನಾಲ್ಕು ಹೆಜ್ಜೆ ನಡಿ ನೋಡಾನ" ಎಂದೆ. "ನಡ್ಯಂಗಿದ್ರೆ ನಿನ್ತಾವ್ಕೆ ಯಾಕ್ಲಾ ಬತ್ತಿದ್ದೆ?" ಎಂದು ಸಿಡುಕುತ್ತಲೇ ಪಾದ ಊರಿದಳು, ಊರಿದವಳೇ ಕಿರುಚಿ ಮಗನ ಮೇಲೆ ಬಿದ್ದಳು. ಈ ಸ್ಥಿತಿಯಲ್ಲಿ ಬಂದ ಎಷ್ಟು ಜನರನ್ನು ಬರೀ ನೀವಿ ಕಳಿಸಿದ್ದೆನೋ ಎಂದು ನಿಜವಾಗಿಯೂ ನಾಚಿಕೆಯಾಯಿತು. ಟವೆಲ್ಲು ತೆಗೆದು ಬ್ಯಾಂಡೇಜು ತೋರಿಸಿದೆ.

"ನನ್ನ ಕಾಲೇ ಉಳುಕೈತೆ ಅಜ್ಜಿ. ಇದ್ರಿಂದ ಏನೂ ಆಗಕಿಲ್ಲ. ಈಗ್ಲೇ ಹಾಸನಕ್ಕೋಗಿ ಎಕ್ಸ್‌ರೇ ತೆಗೆಸು."

"ಕಾಲೆತ್ತಕ್ಕೂ ಸೋಮಾರಿತನ ಬಂದ್ಬುಡ್ತಾ ನಿಂಗೆ!" ಎಂದು ಶಪಿಸುತ್ತ ಅಜ್ಜಿ ಆಟೋ ಹತ್ತಿದಳು. ನನ್ನ ಹೆಸರು ಅಂದಿಗೆ ಮಣ್ಣುಪಾಲಾಯಿತು ಎಂದುಕೊಂಡೆ.

ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಬಿಟ್ಟಿದ್ದು ಕಂಡಿತಂತೆ. ವಾರ ಕಳೆದು ಪ್ಲಾಸ್ಟರು ಹಾಕಿಸಿಕೊಂಡ ಅಜ್ಜಿ ನಮ್ಮ ಬೀದಿಯಲ್ಲಿ ಆಟೋ ನಿಲ್ಲಿಸಿ, "ಕಾಲು ಮುಟ್ಟುಸ್ದಲೇ ಮೂಳೆ ಮುರ್ದಿರಾದ ಏಳ್ಬುಟ್ಟ ಕಣ್ರವ್ವಾ! ಜನಗಳ ಉಳುಕ ತನ್ ಕಾಲ್ಗೆ ಎಳ್ಕಂಡು ಕಟ್ಟು ಕಟ್ಕಂಡವ್ನೆ, ಪುಣ್ಯಾತ್ಮ!" ಎಂದು ಸಾರಿಬಿಟ್ಟಳು. ಈಗ ಬರುವವರ ಸಂಖ್ಯೆ ಹೆಚ್ಚಿದೆ. ನಾನು ಯಾರನ್ನೂ ನೀವುವುದಿಲ್ಲ. ಬಂದವರನ್ನು ನಾಲ್ಕು ಹೆಜ್ಜೆ ನಡೆಸುತ್ತೇನೆ, ಆಗದವರನ್ನು ಹಾಸನಕ್ಕೆ ಅಟ್ಟುತ್ತೇನೆ, ಉಳಿದವರಿಗೆ ಐಸು ಹೇಳುತ್ತೇನೆ. ನಡೆಸುವುದೂ ಒಂದು ಶಾಸ್ತ್ರವೆಂದು ತಿಳಿದು ಕೆಲವರು ಪೂರ್ವಕ್ಕೆ ತಿರುಗಿ ನಡೆಯುತ್ತಾರೆ.

ಬೆಳಿಗ್ಗೆ ಹಲ್ಲುಜ್ಜುವಾಗ ನಾನು ಜಗಲಿಯ ಮೇಲೆ ಒಂಟಿ ಕಾಲಲ್ಲಿ ನಿಲ್ಲುತ್ತೇನೆ. ಗೇಟಿನಾಚೆ ಬಂದವರು ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ. "ತಪಸ್ಸು ಮಾಡ್ತಾವ್ರೆ, ಮಾತಾಡುಸ್ಬ್ಯಾಡಿ" ಎಂಬ ಪಿಸುಮಾತೂ ಕೇಳುತ್ತದೆ. ಇದು ತಪಸ್ಸಲ್ಲ, ಡಾಕ್ಟರಮ್ಮ ಹೇಳಿದ ವ್ಯಾಯಾಮ ಎಂದು ಹೇಳಿಬಿಡಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಏನು ಮಾಡುವುದು, ಬಾಯಿ ತುಂಬ ಪೇಸ್ಟಿನ ನೊರೆ. "ಉಗುದ್ಬುಟ್ಟು ಹೇಳ್ರೀ!" ಎಂದು ಸುಜಾತ ಒಳಗಿನಿಂದ ಕೂಗುತ್ತಾಳೆ. ನಾನು ಬ್ರಷ್ಷಿಗೆ ಇನ್ನೊಂದಿಷ್ಟು ಪೇಸ್ಟು ಹಾಕಿಕೊಳ್ಳುತ್ತೇನೆ.