ನನ್ನ ಕೈಯಲ್ಲಿ ಎಷ್ಟೋ ಸಲ ಬದುಕಿ ಉಳಿದ ಮರಳುಬೊಂಬೆ ದೋನ್ ಕಾಸಿಮಿರೋ ಅವರಿಗೆ

ಮಾನ್ಯರೇ,

ಮೊದಲಿಗೆ ತಮ್ಮ ಪಾದಗಳಿಗೆ, ಅಂದರೆ ಹಳೆಯ ರಬ್ಬರ್ ಬೂಟಿನೊಳಗೆ ಮರಳು ತುಂಬಿ ತಂತಿಯಿಂದ ಬಿಗಿದಿರುವ ಆ ಎರಡು ಭಾರಗಳಿಗೆ, ನನ್ನ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ಭಾವಿಸುವುದೇನು ಬಂತು, ತರಬೇತಿ ಶುರುವಾದ ದಿನದಿಂದ ತಮ್ಮ ಕ್ಷೇಮವನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ನಾನೇ ಆದ್ದರಿಂದ, ಆ ವಿಷಯದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಈ ವಾಲ್ಪರೈಸೋ ಊರಿನಲ್ಲೇ ಇಲ್ಲ.

ತಾವು ಯಾರನ್ನೂ ನೆನಪಿಟ್ಟುಕೊಳ್ಳುವ ಸ್ವಭಾವದವರಲ್ಲವಾದ್ದರಿಂದ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಯೋರ್ಬಿಸ್ ಉರ್ದಾನೆತಾ. ವೆನೆಜುವೆಲಾದ ಮರಾಕಾಯ್ಬೋದಿಂದ ಬಸ್ಸು, ಲಾರಿ, ಕಾಲು ಹೀಗೆ ಸಿಕ್ಕಿದ್ದರಲ್ಲಿ ಇಲ್ಲಿಗೆ ಬಂದವನು. ಹಗಲು ಗುಡ್ಡದ ಮೆಟ್ಟಿಲುಗಳ ಮೇಲೆ ಅಡಿಗೆ ಗ್ಯಾಸಿನ ಸಿಲಿಂಡರ್ ಹೊರುವವನು, ಸಂಜೆ ತಮ್ಮನ್ನು ಹೊರುವವನು. ಬೆಂಕಿಯಾರಿಸುವ ಸ್ವಯಂಸೇವಕರ ಈ ಠಾಣೆಯಲ್ಲಿ ನನ್ನನ್ನು ಎಲ್ಲರೂ ಗ್ಯಾಸು ಎಂದೇ ಕರೆಯುತ್ತಾರೆ. ಈ ಪತ್ರವನ್ನು ನಾನು ಫೋನಿಗೆ ಬಾಯಲ್ಲಿ ಹೇಳಿ ಕಳಿಸಿ, ನನ್ನ ಜೊತೆಯ ಉಮೇದುವಾರಳಾದ ಬೇಕರಿಯ ದಾಮಾರಿಸಳ ಕೈಯಲ್ಲಿ ಬರೆಸಿದ್ದೇನೆ. ಸೌಜನ್ಯದ ಮಾತುಗಳೆಲ್ಲ ಅವಳವು, ಸಿಟ್ಟು ನನ್ನದು. ಇದನ್ನು ಠಾಣೆಯ ಸೂಚನಾ ಫಲಕಕ್ಕೆ ಅಂಟಿಸುತ್ತಿರುವುದರಿಂದ ತಮ್ಮ ಹೊರತು ಎಲ್ಲರೂ ಓದುತ್ತಾರೆ ಎಂಬ ಭರವಸೆ ನನಗಿದೆ.

ತಮ್ಮ ಭಾಗ್ಯವನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ನಾವು ಉಮೇದುವಾರರು ಮೊದಲ ದಿನ ಬಂದು ಸಾಲಾಗಿ ನಿಂತಾಗ, ಹಗಲು ಹೆಂಗಸರ ಕೂದಲಿಗೆ ಬಣ್ಣ ಹಾಕುವ ಅಂಗಡಿ ನಡೆಸಿ ಸಂಜೆ ನಮ್ಮ ಬಣ್ಣ ತೆಗೆಯುವ ಲೆಫ್ಟಿನೆಂಟ್ ಮಾರಿತ್ಸಾ ಒಯಾರ್ಸೋ ಅವರು ಇಡೀ ಠಾಣೆಯನ್ನು ಸುತ್ತಿಸಿ ತೋರಿಸಿದ್ದು ಹೀಗೆ: "ಇದು ನೀರಿನ ಪೈಪು, ಇದು ಏಣಿ, ಇದು ಕಕ್ಕಸು. ಮೂರನೇದರಿಂದ ಶುರು ಮಾಡಿ." ಅದೇ ಹೊತ್ತಿಗೆ ತಾವು ಮೂಲೆಯಲ್ಲಿ ಕುರ್ಚಿಯ ಮೇಲೆ ಕಾಲು ಚಾಚಿ ಕುಳಿತು, ಯಾರೋ ಪೆನ್ನಿನಲ್ಲಿ ಬರೆದ ಆ ಮೀಸೆಯ ಕೆಳಗೆ ಒಂದು ಬಗೆಯ ನಗು ಇಟ್ಟುಕೊಂಡು ನಮ್ಮನ್ನು ನೋಡುತ್ತಿದ್ದಿರಿ. ಕಂಪನಿಯ, ಅಂದರೆ ನಮ್ಮ ಈ ಅಗ್ನಿಶಾಮಕ ದಳದ, ಸ್ಥಾಪಕರ ಹೆಸರುಗಳನ್ನು ಅವರವರ ಮೀಸೆಯ ಆಕಾರದ ಸಮೇತ ನಾನು ಬಾಯಿಪಾಠ ಮಾಡಿ ಒಪ್ಪಿಸಿದ್ದೇನೆ. ತಮ್ಮನ್ನು ಯಾರಾದರೂ ಒಂದೇ ಒಂದು ಪ್ರಶ್ನೆ ಕೇಳಿದ್ದಾರೆಯೇ? ಗಂಟೆ ಬಾರಿಸಿ ಫೈರ್ ಎಂಜಿನ್ ಹೊರಟಾಗ ಉಮೇದುವಾರನ ಕೆಲಸವೆಂದರೆ ಗೇಟು ತೆಗೆಯುವುದು, ರಸ್ತೆಯ ಟ್ಯಾಕ್ಸಿಗಳಿಗೆ ಕೈ ಅಡ್ಡ ಹಿಡಿದು ಬೈಸಿಕೊಳ್ಳುವುದು, ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡುವುದು, ಗೇಟು ಹಾಕುವುದು. ಬೆಂಕಿಯ ವಾಸನೆ ನಮಗೆ ಸಿಗುವುದು ಅವರು ವಾಪಸ್ ತಂದು ನಮ್ಮ ಮೈಮೇಲೆ ಎಸೆಯುವ ಕೋಟುಗಳಲ್ಲಿ ಮಾತ್ರ. ನನ್ನ ಅಮ್ಮ ಫೋನಿನಲ್ಲಿ, "ಅಲ್ಲ ಕಣೋ, ಸಂಬಳವೂ ಇಲ್ವಂತೆ, ಬೆಂಕಿಯೂ ತೋರ್ಸಲ್ವಂತೆ, ಮತ್ತೆ ಏನು ನೋಡಕ್ಕೆ ಹೋಗ್ತೀಯ ಅಲ್ಲಿಗೆ?" ಎಂದು ಕೇಳುತ್ತಾಳೆ. ಗೇಟು ಎನ್ನಲು ನಾಚಿಕೆಯಾಗಿ ನಾನು ಅಲ್ಲಿ ಮಳೆ ಹೇಗಿದೆ ಎಂದು ಕೇಳುತ್ತೇನೆ.

ಏನು ನೋಡಲು ಹೋಗುತ್ತೇನೆಂದು ತಮಗೆ ಹೇಳುತ್ತೇನೆ, ತಾವು ಬೇರೆಯವರಿಗೆ ಹೇಳಲಾರಿರಿ. ನಾನು ಮೊದಲಿದ್ದ ಬಾಡಿಗೆ ಮನೆಯ ಅಡಿಗೆಕೋಣೆಗೆ ಒಮ್ಮೆ ಬೆಂಕಿ ಬಿದ್ದು, ಹೊಗೆಯಲ್ಲಿ ದಾರಿ ಕಾಣದೆ ನಾನು ಮೆಟ್ಟಿಲ ಕೆಳಗೆ ಮುದುಡಿ ಕುಳಿತಿದ್ದಾಗ, ಮುಖವಾಡದೊಳಗಿಂದ ಒಂದು ದನಿ "ಹೆಸರೇನಪ್ಪ ನಿಂದು?" ಎಂದು ಕೇಳಿತು. ಈ ಊರಿಗೆ ಬಂದಮೇಲೆ ನನ್ನ ಕಾಗದಪತ್ರ ಕೇಳುವ ಮೊದಲು ಹೆಸರು ಕೇಳಿದ್ದು ಆ ದನಿ ಒಂದೇ. ಅದು ಲೆಫ್ಟಿನೆಂಟ್ ಮಾರಿತ್ಸಾ ಅವರದೆಂದು ಆಮೇಲೆ ತಿಳಿಯಿತು. ಮುಖವಾಡದ ಆ ಕಡೆ ನಿಂತು ಒಂದು ಸಲ ನಾನೂ ಯಾರನ್ನಾದರೂ ಹಾಗೆ ಕೇಳಬೇಕೆಂಬುದು ಬಿಟ್ಟರೆ ನನಗೆ ಈ ಠಾಣೆಯಿಂದ ಬೇರೇನೂ ಬೇಕಿರಲಿಲ್ಲ. ಅದಕ್ಕೆ ಕಡೆಯ ಪರೀಕ್ಷೆಯಲ್ಲಿ ತಮ್ಮನ್ನು ಕಾಪಾಡಬೇಕಿತ್ತು, ಆಮೇಲೆ ಸದಸ್ಯರು ಮತ ಹಾಕಿ ನನ್ನನ್ನು ಒಳಗೆ ಸೇರಿಸಿಕೊಳ್ಳಬೇಕಿತ್ತು. ಅಷ್ಟೇ.

ತಮ್ಮನ್ನು ಕಾಪಾಡುವುದರಲ್ಲಿ ನಾನೇನೂ ಕಡಿಮೆ ಮಾಡಿಲ್ಲ. ಕಣ್ಣಿಗೆ ಕರಿ ಪ್ಲಾಸ್ಟಿಕ್ ಅಂಟಿಸಿದ ಮುಖವಾಡ ಹಾಕಿಕೊಂಡು, ಗೋಡೆ ತಡವುತ್ತಾ ತೆವಳಿ, ತಮ್ಮನ್ನು ಮಂಚದಿಂದ, ಬಚ್ಚಲಿನಿಂದ, ಒಮ್ಮೆ ಯಾವ ಪುಣ್ಯಾತ್ಮರು ತುರುಕಿದ್ದರೋ ಬಟ್ಟೆಯ ಬೀರುವಿನಿಂದ ಎಳೆದು ತಂದಿದ್ದೇನೆ. ಮಳೆಗಾಲದಲ್ಲಿ ತಾವು ನೀರು ಕುಡಿದು ಇಬ್ಬರು ಗಂಡಸರಷ್ಟು ತೂಗಿದಾಗಲೂ ನಾನು ಕೈಬಿಡಲಿಲ್ಲ. ಇಷ್ಟಕ್ಕೆ ಪ್ರತಿಯಾಗಿ ತಾವು ಹೊಸಿಲು ದಾಟುವಾಗ ಎಡಗಾಲನ್ನು ಒಂದು ಅಂಗುಲ ಎತ್ತಿಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ನಾನು ಎತ್ತುವ ಕ್ಷಣಕ್ಕೆ ಸರಿಯಾಗಿ ಉಸಿರು ಹಿಡಿದು ಹಗುರಾಗುವ ಅಭ್ಯಾಸವನ್ನು ತಾವು ಈಗಲಾದರೂ ಮಾಡಿಕೊಳ್ಳಬೇಕೆಂದು ಕೈಮುಗಿದು ಬೇಡುತ್ತೇನೆ.

ಇನ್ನು ತಮ್ಮ ಮೌನ. ಕಾಪಾಡುವವನು ಮೊದಲು ಮಾತಾಡಿಸಬೇಕು ಎಂಬುದು ಲೆಫ್ಟಿನೆಂಟ್ ಅವರ ಕಟ್ಟುನಿಟ್ಟು. "ಎತ್ತೋ ಮುಂಚೆ ಹೆಸರು ಕೇಳು ಗ್ಯಾಸು. ಅವನು ಮನುಷ್ಯ, ನಿನ್ನ ಸಿಲಿಂಡರ್ ಅಲ್ಲ." ನಾನು ಕೇಳುತ್ತಿದ್ದೆ, ತಾವು ಸುಮ್ಮನಿರುತ್ತಿದ್ದಿರಿ, ಅದು ಬಹಳ ಮುಜುಗರದ ಹೊತ್ತು. ಆ ಮುಜುಗರ ಕಳೆಯಲೆಂದೇ ದಾಮಾರಿಸ್, ಕೆಲವು ಸಲ ನಾನು, ತಮ್ಮ ಪರವಾಗಿ ಮುದುಕನ ದನಿ ತೆಗೆದು "ಮೆಲ್ಲಗೆ ಕಣೋ ದರಿದ್ರದವನೇ, ನನ್ನ ಸೊಂಟ!" ಎಂದು ಬೈಯುವ ಪದ್ಧತಿ ಶುರುವಾದದ್ದು. ಬೈಗುಳ ಎಷ್ಟು ಚೆನ್ನಾಗಿದ್ದರೆ ಅಷ್ಟು ಜೋರಾಗಿ ಎಳೆಯುತ್ತಿದ್ದೆವು. ತಾವು ತಮ್ಮ ಬಾಯಲ್ಲೇ ಒಮ್ಮೆ ಬೈದಿದ್ದರೆ ಮುಂದಿನ ಅನಾಹುತ ಆಗುತ್ತಲೇ ಇರಲಿಲ್ಲ ಎಂಬುದು ನನ್ನ ದೂರಿನ ತಿರುಳು.

ಅನಾಹುತದ ವಿವರ ತಮಗೆ ತಿಳಿದಿರಲಾರದು, ಏಕೆಂದರೆ ಆ ಹೊತ್ತಿಗೆ ತಾವು ಊಟಕ್ಕೆ ಕುಳಿತಿದ್ದಿರಿ.

ಕಂಪನಿಯ ವಾರ್ಷಿಕೋತ್ಸವದ ಭಾನುವಾರ, ಹಿರಿಯರಿಗೆ ಮೇಲಿನ ಸಭಾಂಗಣದಲ್ಲಿ ಸುಟ್ಟ ಮಾಂಸ, ಎಂಪನಾದಾ ಕಡುಬು, ಕೆಂಪು ವೈನು. ನಮಗೆ ಹಿತ್ತಿಲಿನ ಕತ್ತಲ ತರಬೇತಿ ಮನೆಯಲ್ಲಿ ಕಡೆಯ ಪರೀಕ್ಷೆ. ಬೆಳಿಗ್ಗೆಯೇ ಲೆಫ್ಟಿನೆಂಟ್ ತಮ್ಮನ್ನು ಅಲ್ಲಿನ ಮಂಚದ ಮೇಲೆ ಮಲಗಿಸಿ ಹೋಗಿದ್ದರು. ಮಧ್ಯಾಹ್ನ ಮೇಜಿನ ಸುತ್ತ ಎಣಿಸಿದರೆ ಹದಿಮೂರು ಜನ. ಹದಿಮೂರು ಜನ ಒಟ್ಟಿಗೆ ಉಂಡೆದ್ದರೆ ವರ್ಷದೊಳಗೆ ಒಬ್ಬರಿಗೆ ಸಮಾಧಿ ತಪ್ಪದೆಂದು ನಂಬಿರುವ ಗೌರವ ಸದಸ್ಯ ದೋನ್ ಎವಾರಿಸ್ತೋ ಸಾಲ್ದೀವಿಯಾ ಅವರು, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾದ್ದರಿಂದ ಆ ಒಬ್ಬರು ಯಾರೆಂಬ ಅಂದಾಜು ಅವರಿಗೆ ಚೆನ್ನಾಗಿದ್ದು, ತರಬೇತಿ ಮನೆಯಿಂದ ತಮ್ಮನ್ನು ಹೊರಿಸಿ ತಂದು, ಕೊರಳಿಗೆ ಕರವಸ್ತ್ರ ಕಟ್ಟಿ, ಹದಿನಾಲ್ಕನೆಯವರನ್ನಾಗಿ ಕೂರಿಸಿದರು. ತಾವು ಬೇಡವೆನ್ನಲಿಲ್ಲ. ಊಟ ಮುಗಿದು ಭಾಷಣ ಶುರುವಾದಾಗ ದೋನ್ ಎವಾರಿಸ್ತೋ ಅವರಿಗೆ ಜೊಂಪು ಹತ್ತಿತು. ಹಿಂದಿನ ಬಾಗಿಲಿನಿಂದ ಇಳಿದು, ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿ, ಖಾಲಿಯಾದ ತಮ್ಮ ಮಂಚದ ಮೇಲೆಯೇ ಮಲಗಿಬಿಟ್ಟರು.

ಮಾನ್ಯರೇ, ನನ್ನ ಜಾಗದಲ್ಲಿ ತಾವು ಇದ್ದಿದ್ದರೆ ಏನು ಮಾಡುತ್ತಿದ್ದಿರಿ? ಕಣ್ಣು ಕಾಣದು, ಕೈಗೆ ಮಂಚ ಸಿಕ್ಕಿತು, ಮಂಚದ ಮೇಲೆ ತಮ್ಮದೇ ಹೊಟ್ಟೆ, ತಮ್ಮದೇ ತೂಕ. ಜೊತೆಗಿದ್ದ ದಾಮಾರಿಸ್ ಕಾಲು ಹಿಡಿದಳು, ನಾನು ನಿಯಮದಂತೆ ಭುಜ ಅಲುಗಿಸಿ, ಕಿವಿಯ ಬಳಿ ಬಾಗಿ ಜೋರಾಗಿ "ಸ್ವಾಮೀ, ತಮ್ಮ ಹೆಸರೇನು?" ಎಂದು ಕೇಳಿದೆ.

"ಏ, ಯಾವನೋ ಅವನು? ಬಿಡೋ ಕಾಲನ್ನ!"

ದಾಮಾರಿಸ್ ಇವತ್ತು ಬಹಳ ಚೆನ್ನಾಗಿ ಮಾಡುತ್ತಿದ್ದಾಳೆ ಎಂದು ನಾನಂದುಕೊಂಡೆ. ಗ್ಯಾಸು ಇವತ್ತು ಬಹಳ ಚೆನ್ನಾಗಿ ಮಾಡುತ್ತಿದ್ದಾನೆ ಎಂದು ಅವಳಂದುಕೊಂಡಳು. ಕಂಕುಳಿಗೆ ಪಟ್ಟಿ ಹಾಕಿ ಬಿಗಿದೆವು. "ನಾನು ಎವಾರಿಸ್ತೋ ಸಾಲ್ದೀವಿಯಾ ಕಣ್ರೋ! ಐವತ್ತು ವರ್ಷದ ಪದಕ ಇದೆ ನಂಗೆ!" ಎಂದು ಕೂಗು ಬಂದಾಗ, ಅವರ ದನಿಯನ್ನೂ ಅನುಕರಿಸುವ ಧೈರ್ಯ ಇವಳಿಗೆ ಹೇಗೆ ಬಂತೆಂದು ನನಗೆ ನಗು ತಡೆಯಲಾಗದೆ, "ಚಿಂತೆ ಮಾಡಬೇಡಿ ದೋನ್ ಎವಾರಿಸ್ತೋ, ತಮ್ಮ ಪದಕವನ್ನೂ ಕಾಪಾಡ್ತೀವಿ" ಎಂದೆ. ಎದೆಯ ಮೇಲೆ ಏನೋ ಟಿಣಿಟಿಣಿ ಎಂದದ್ದನ್ನು ತಮ್ಮ ತಂತಿ ಸಡಿಲವಾಯಿತೆಂದು ತಿಳಿದೆ. ಗಾಬರಿಯಾದವರು ಒದೆಯುತ್ತಾರೆ, ಬೈಯುತ್ತಾರೆ, ಅವರ ಮಾತು ಕೇಳಿ ಕೈಬಿಡಬಾರದು ಎಂದು ಪಾಠದಲ್ಲಿ ಹೇಳಿತ್ತು. ಮೊಣಕಾಲಿಗೆ ಒಂದು ಒದೆ ಬಿದ್ದಾಗ ಮಾತ್ರ, ಮರಳು ಇಷ್ಟು ಚುರುಕಾಯಿತೇ ಎಂಬ ಸಣ್ಣ ಅನುಮಾನ ಬಂದಿತ್ತು, ಆದರೆ ಅಷ್ಟರಲ್ಲಿ ಬಾಗಿಲು ಬಂತು.

ಬೆಳಕಿನಲ್ಲಿ ಮುಖವಾಡ ತೆಗೆದು ನೋಡಿದರೆ, ಹಿತ್ತಿಲ ನಡುವೆ, ಹಬ್ಬದ ಕೆಂಪು ಕೋಟು, ಬಿಳಿ ಪ್ಯಾಂಟು, ಪದಕಗಳ ಸಾಲು, ಒಂದೇ ಕಾಲಲ್ಲಿ ಶೂ, ಮತ್ತು ಜೀವಂತ ಮೀಸೆ. ಲೆಫ್ಟಿನೆಂಟ್ ಮಾರಿತ್ಸಾ ಕೈಯಲ್ಲಿದ್ದ ಗಡಿಯಾರವನ್ನು ನೋಡಿದರು, ಅವರನ್ನು ನೋಡಿದರು, ನನ್ನನ್ನು ನೋಡಿದರು.

"ಟೈಮು ಚೆನ್ನಾಗಿದೆ," ಎಂದರು. "ಆಳು ತಪ್ಪು."

ಮೇಲೆ ಕಿಟಕಿಯಿಂದ ಇಣುಕಿದ ಹನ್ನೆರಡು ತಲೆಗಳ ನಡುವೆ ಹದಿಮೂರನೆಯದಾಗಿ ತಮ್ಮ ಮುಖವೂ ಕಂಡಿತು, ಯಾರೋ ತಮಾಷೆಗೆ ತಮ್ಮನ್ನೂ ಎತ್ತಿ ಹಿಡಿದಿದ್ದರು. ಮೀಸೆಗೆ ಸೊಪ್ಪಿನ ಚಟ್ನಿ ಅಂಟಿತ್ತು. ಆ ನೋಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಗುರುವಾರ ಮತದಾನ. ನಮ್ಮ ಕಂಪನಿ ಹಳೆಯದಾದ್ದರಿಂದ ಮತ ಗೋಲಿಗಳಲ್ಲಿ: ಕುಳಿತ ಪ್ರತಿಯೊಬ್ಬರ ಕೈಗೂ ಒಂದು ಬಿಳಿ, ಒಂದು ಕರಿ ಗೋಲಿ ಕೊಡುತ್ತಾರೆ, ಒಂದನ್ನು ಮರದ ಪೆಟ್ಟಿಗೆಯೊಳಗೆ ಬಿಡಬೇಕು, ಯಾವುದನ್ನು ಬಿಟ್ಟರೆಂದು ಯಾರಿಗೂ ತಿಳಿಯಬಾರದು. ಎರಡು ಕರಿ ಗೋಲಿ ಬಿದ್ದರೆ ಉಮೇದುವಾರ ಕೋಟು ಕಳಚಿಟ್ಟು ಮನೆಗೆ ಹೋಗಬೇಕು. ನಾವಿಬ್ಬರೂ ಕೆಳಗೆ ಫೈರ್ ಎಂಜಿನ್ ಪಕ್ಕ, ಸಭಾಂಗಣಕ್ಕೆ ಹತ್ತುವ ಮೆಟ್ಟಿಲ ಬುಡದ ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೆವು. ದಾಮಾರಿಸ್, "ನೀನು ವಾಪಸ್ ಹೋದ್ರೆ ನಿನ್ನ ಬೂಟು ನಂಗೆ ಕೊಡು, ನಂದು ಸೋರುತ್ತೆ," ಎಂದಳು. ಸಮಾಧಾನ ಹೇಳುವುದರಲ್ಲಿ ಅವಳ ಕೈ ಅಷ್ಟಕ್ಕಷ್ಟೇ. ಅವಳ ಸರದಿ ಮೊದಲು ಬಂತು, ಒಂದೂ ಕರಿ ಬೀಳಲಿಲ್ಲ. ನನ್ನ ಹೆಸರು ಕರೆದಾಗ ಒಳಗೆ ಕುರ್ಚಿ ಸರಿದು, ದೋನ್ ಎವಾರಿಸ್ತೋ ಎದ್ದು ನಿಂತದ್ದು ಊರುಗೋಲಿನ ಸದ್ದಿನಿಂದಲೇ ತಿಳಿಯಿತು. ನಾನು ಬೂಟಿನ ದಾರ ಬಿಚ್ಚತೊಡಗಿದೆ.

"ಐವತ್ತು ವರ್ಷ ಜನರನ್ನ ಹೊರಗೆ ಎಳೆದು ಹಾಕಿದೀನಿ," ಎಂದರು ಅವರು. "ನನ್ನನ್ನ ಎಳೆಯೋಕೆ ಯಾರಾದ್ರೂ ಬರ್ತಾರಾ ಅಂತ ರಾತ್ರಿ ಎಷ್ಟೋ ಸಲ ಯೋಚ್ನೆ ಬರ್ತಿತ್ತು. ಒಂಟಿ ಮನುಷ್ಯ ನಾನು, ಮನೇಲಿ ಬೆಕ್ಕೂ ಇಲ್ಲ. ಈ ಗ್ಯಾಸಿನ ಹುಡುಗ ನಾನು ಒದ್ದರೂ ಬಿಡ್ಲಿಲ್ಲ, ಅಷ್ಟು ಕೆಟ್ಟದಾಗಿ ಬೈದ್ರೂ ಬಿಡ್ಲಿಲ್ಲ. ಹೊಸಿಲಲ್ಲಿ ನನ್ನ ತಲೆ ತಾಗದ ಹಾಗೆ ಕೈ ಅಡ್ಡ ಹಿಡಿದ. ಹೆಸರು ಕೇಳ್ದ." ಊರುಗೋಲನ್ನು ಒಮ್ಮೆ ಕುಟ್ಟಿ ಹೇಳಿದರು: "ಶೂ ಮಾತ್ರ ಇನ್ನೂ ಸಿಕ್ಕಿಲ್ಲ."

ಗೋಲಿಗಳು ಒಂದೊಂದಾಗಿ ಬಿದ್ದ ಸದ್ದು ಕೇಳುತ್ತಾ ನಾನು ಬಿಚ್ಚಿದ ದಾರವನ್ನು ಕೈಯಲ್ಲೇ ಹಿಡಿದು ನಿಂತಿದ್ದೆ. ಬಾಗಿಲು ತೆರೆದು ಲೆಫ್ಟಿನೆಂಟ್ ಹೊರಗೆ ಬಂದು, "ಒಂದು ಕರಿ," ಎಂದರು. "ಒಂದೇ. ದಾರ ಕಟ್ಕೋ ಗ್ಯಾಸು, ಮುಂದಿನ ಗಂಟೆಗೆ ನೀನು ಗಾಡಿ ಒಳಗೆ."

ಆದ್ದರಿಂದ ಮಾನ್ಯರೇ, ತಾವು ಇಷ್ಟೆಲ್ಲ ಮಾಡಿದರೂ ನಾನು ಸೇರಿಬಿಟ್ಟಿದ್ದೇನೆ ಎಂದು ವಿನಯದಿಂದ ತಿಳಿಸುತ್ತೇನೆ. ನಿನ್ನೆ ಮೊದಲ ಸಲ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ಹೋದೆ. ಬೆಂಕಿಯಲ್ಲ, ಒಬ್ಬ ಅಜ್ಜಿ ಬಚ್ಚಲ ಬಾಗಿಲು ತೆಗೆಯಲಾಗದೆ ಒಳಗೇ ಉಳಿದಿದ್ದರು. ಬಾಗಿಲ ಈಚೆ ನಿಂತು ಹೆಸರು ಕೇಳಿದೆ. "ದೊರಾಲೀಸಾ ಕಣಪ್ಪ. ನಿಂದು?" ಎಂದರು. ಆ ಒಂದು ಮಾತು ತಮ್ಮ ಬಾಯಿಂದ ಇಷ್ಟು ತಿಂಗಳಲ್ಲಿ ಒಮ್ಮೆಯೂ ಬರಲಿಲ್ಲವಲ್ಲ ಎಂದು ತಮ್ಮನ್ನು ಅಲ್ಲೂ ನೆನೆದೆ.

ಎಷ್ಟೇ ಆದರೂ ತಮ್ಮನ್ನು ಹೊತ್ತ ಹೆಗಲಿನಿಂದ,
ತಮ್ಮ ವಿಶ್ವಾಸಿ,
ಯೋರ್ಬಿಸ್ ಉರ್ದಾನೆತಾ,
ಇನ್ನು ಗೇಟು ತೆಗೆಯದವನು

ಮರೆತ ಮಾತು: ಆ ಒಂದು ಕರಿ ಗೋಲಿ ಯಾರದೆಂದು ಕೇಳಿದರೆ ಸದಸ್ಯರೆಲ್ಲರೂ ತಂತಮ್ಮ ತಾಯಿಯ ಮೇಲೆ ಆಣೆ ಇಟ್ಟು ಬಿಳಿಯನ್ನೇ ಹಾಕಿದ್ದೇವೆ ಎಂದರು, ಎಣಿಸಿ ನೋಡಿದರೆ ಪೆಟ್ಟಿಗೆಯಲ್ಲಿ ಜನರಿಗಿಂತ ಒಂದು ಗೋಲಿ ಹೆಚ್ಚಿತ್ತು. ಭಾನುವಾರದ ನಂತರ ಮೇಲೆ ಕಾಲಿಡುವ ಧೈರ್ಯ ನಮಗಾಗದ್ದರಿಂದ ತಾವು ಗುರುವಾರವೂ ಸಭಾಂಗಣದ ಅದೇ ಕುರ್ಚಿಯಲ್ಲಿ ಇದ್ದಿರಿ, ಮೂಗಿನ ತುದಿಯಾಚೆ ಕಣ್ಣು ಕಾಣದ ನಮ್ಮ ಕಾರ್ಯದರ್ಶಿಯವರು ಕುಳಿತವರಿಗೆಲ್ಲ ಗೋಲಿ ಹಂಚಿದ್ದರು. ಮರುದಿನ ತಮ್ಮನ್ನು ಕೆಳಗೆ ಹೊರುವಾಗ ಬಲಗೈಯ ಗವಸಿನಿಂದ ಉರುಳಿ ಬಿದ್ದದ್ದು ಬಿಳಿ ಗೋಲಿ, ಅಂದರೆ ತಮ್ಮ ಪಾಲಿನ ಕರಿ ಗೋಲಿ ಪೆಟ್ಟಿಗೆ ಸೇರಿತ್ತು. ತಮ್ಮ ಪಕ್ಕದ ಕುರ್ಚಿ ದೋನ್ ಎವಾರಿಸ್ತೋ ಅವರದು, ಕೇಳಿದ್ದಕ್ಕೆ ಅವರು, "ನಂದು ಬಿಳಿ ಮಗಾ. ಅವನದು ಅವನಿಷ್ಟ," ಎಂದು ಹೇಳಿ, ಇನ್ನೊಂದು ಶೂ ಎಲ್ಲಿ ಎಂದರು. ಹೊಸ ಉಮೇದುವಾರರು ಶನಿವಾರ ಬರುತ್ತಾರೆ, ಅವರಿಗಾಗಿ ತಮಗೆ ಇನ್ನೆರಡು ಚೀಲ ಮರಳು ತುಂಬುವ ಕೆಲಸವನ್ನು ಲೆಫ್ಟಿನೆಂಟ್ ನನಗೆ ಒಪ್ಪಿಸಿದ್ದಾರೆ. ಮತ ಹಾಕಿದ ಕೈಯಿಂದಲೇ ಶುರು ಮಾಡಬೇಕೆಂದಿದ್ದೇನೆ.