ಕಂಪ್ಯೂಟರಿನ ಹಣೆಬೊಟ್ಟು

ಆಗ ನನಗೆ ಅರವತ್ತೊಂಬತ್ತು. ಮೂರು ವರ್ಷದ ಹಿಂದಿನ ಮಾತು. ವಯಸ್ಸಾದ ಮೇಲೆ ತಾಳ್ಮೆ ಬರುತ್ತದೆ ಎಂದು ಹೇಳುವವರು ನನ್ನನ್ನು ನೋಡಿಲ್ಲ. ಬಸ್ಸಿಗೆ ಕಾಯಲಾರದೆ ಮುಂದಿನ ಸ್ಟಾಪಿನವರೆಗೆ ನಡೆದುಹೋಗಿ, ನಡುದಾರಿಯಲ್ಲಿ ಆ ಬಸ್ಸು ನನ್ನ ಪಕ್ಕದಲ್ಲೇ ಹಾದುಹೋದದ್ದನ್ನು ನೋಡಿದವಳು ನಾನು. ಓದಿದ್ದು ಎರಡನೇ ಕ್ಲಾಸು. ಇದನ್ನೂ ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತಿದ್ದೇನೆ, ಮಧ್ಯೆ ಎರಡು ಸಲ ಎದ್ದು ಅಂಗಳ ಸುತ್ತಿ ಬಂದಿದ್ದೂ ಆಯಿತು.

ನಮ್ಮ ಮನೆ ಕೆಂಗೇರಿ ಹತ್ತಿರದ ಉಲ್ಲಾಳದಲ್ಲಿ. ನಾನು ಮದುವೆಯಾಗಿ ಬಂದಾಗ ಅದು ಹಳ್ಳಿ. ಮನೆಯ ಹಿಂದೆ ರಾಗಿ ಹೊಲ. ಈಗ ಅಲ್ಲಿ ಮೂರಂತಸ್ತಿನ ಮನೆಗಳು ನಿಂತಿವೆ. ಹೊಲ ಹೋದರೂ ಆಯುಧಪೂಜೆ ಬಿಟ್ಟಿಲ್ಲ. ಹಿಂದೆ ಕುಡುಗೋಲು, ಗುದ್ದಲಿಗೆ ಮಾಡುತ್ತಿದ್ದದ್ದನ್ನು ಈಗ ಮಗ ಮಂಜುನ ಟೆಂಪೊಗೆ, ಮಿಕ್ಸಿಗೆ, ಹಾಲಿನ ಮೂಲೆಯಲ್ಲಿರುವ ಕಂಪ್ಯೂಟರಿಗೆ ಮಾಡುತ್ತೇನೆ. ನಮ್ಮತ್ತೆ ಕಲಿಸಿದ್ದು ಒಂದೇ: ಆಯುಧ ಎಲ್ಲಿ ಕೆಲಸ ಮಾಡುತ್ತದೋ ಅಲ್ಲಿಗೇ ಬೊಟ್ಟಿಡಬೇಕು. ಕುಡುಗೋಲಿಗೆ ಬಾಯಿಗೆ, ಗುದ್ದಲಿಗೆ ಅಲಗಿಗೆ. ಕಂಪ್ಯೂಟರ್ ಎಲ್ಲಿಂದ ಕೆಲಸ ಶುರು ಮಾಡುತ್ತದೆ? ಮುಂದಿರುವ ಗುಂಡಿಯಿಂದ. ಆ ವರ್ಷ ಪ್ಲಗ್ಗು ಕಿತ್ತಿಟ್ಟು, ಆ ಗುಂಡಿಗೇ ಹೆಬ್ಬೆರಳಿನಲ್ಲಿ ಒತ್ತಿ, ದಪ್ಪನಾಗಿ ಅರಿಶಿನ ಮೆತ್ತಿ ಮೇಲೆ ಕುಂಕುಮ ಇಟ್ಟೆ. ಪ್ಲಾಸ್ಟಿಕ್ಕಿನ ಮೇಲೆ ನಿಲ್ಲಲಿ ಎಂದು ಅರಿಶಿನಕ್ಕೆ ಒಂಚೂರು ಬೆಲ್ಲ ಕದಡಿದ್ದೆ. ಈ ಬುದ್ಧಿ ಮಾತ್ರ ನನ್ನದೇ, ಅತ್ತೆಯದಲ್ಲ.

ಹಬ್ಬ ಮುಗಿದ ಮಾರನೇ ದಿನ ಹನ್ನೊಂದು ಗಂಟೆಗೆ ಸೊಸೆ ರೇಖಾಳಿಗೆ ಪರೀಕ್ಷೆ ಇತ್ತು. ನಾಗರಬಾವಿಯ ಒಂದು ಆಫೀಸಿನವರು ಲೆಕ್ಕಪತ್ರ ನೋಡಿಕೊಳ್ಳುವ ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಿದ್ದರು. ಕೆಲಸವೂ ಮನೆಯಿಂದ, ಪರೀಕ್ಷೆಯೂ ಮನೆಯಿಂದ. ಆದರೆ ಮೊಬೈಲಿನಲ್ಲಿ ಆಗದು, ಕಂಪ್ಯೂಟರೇ ಬೇಕು. ಇದು ಸಿಗದಿದ್ದರೆ ಕೆಂಗೇರಿ ಕಡೆಯ ಗಾರ್ಮೆಂಟ್ಸಿಗೆ ಸೇರುತ್ತೇನೆ ಎಂದು ರೇಖಾ ಮೊದಲೇ ಹೇಳಿಬಿಟ್ಟಿದ್ದಳು. ಅವಳು ಬೆಳಕು ಹರಿಯುವ ಮೊದಲು ಬಸ್ಸು ಹತ್ತಿದರೆ ಅಡುಗೆ, ಪಾತ್ರೆ, ಎರಡು ಮಕ್ಕಳು ಎಲ್ಲ ನನ್ನ ತಲೆಗೆ. ಸೊಸೆಯ ಉದ್ಧಾರಕ್ಕೆಂದು ಚಡಪಡಿಸಿದೆ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ನನ್ನ ಚಿಂತೆ ನನ್ನ ಮಧ್ಯಾಹ್ನದ ನಿದ್ದೆಯದು.

ಹತ್ತು ಗಂಟೆಗೆ ಮಂಜು ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಹಾಕಿದ. ಕಂಪ್ಯೂಟರ್ ತಾನಾಗಿಯೇ ಗುರ್ ಎಂದಿತು, ಹಸಿರು ದೀಪ ಹೊತ್ತಿತು, ಉಸಿರು ಬಿಟ್ಟಂತೆ ಆರಿಹೋಯಿತು. ಮತ್ತೆ ಹಾಕಿದ. ಮತ್ತೆ ಗುರ್, ಮತ್ತೆ ತಣ್ಣಗೆ. ರೇಖಾ ಬಂದು ಗುಂಡಿಯ ಅಂಚನ್ನು ಉಗುರಿನ ತುದಿಯಲ್ಲಿ ಒತ್ತಿದಳು, ಬೊಟ್ಟು ಕೆಡಬಾರದಲ್ಲ. ನಮ್ಮ ಮನೆಯಲ್ಲಿ ಪೂಜೆಯ ಬೊಟ್ಟನ್ನು ಯಾರೂ ಒರೆಸುವುದಿಲ್ಲ. ಅದು ತಾನಾಗಿ ಉದುರಬೇಕು.

"ಕರೆಂಟ್ ಸಾಲ್ತಿಲ್ಲ, ನಮ್ ಟೆಂಪೊನೂ ಬ್ಯಾಟ್ರಿ ವೀಕಾದಾಗ ಹಿಂಗೇ ಮಾಡೋದು" ಎಂದ ಮಂಜು.

"ರೀ, ಇದು ಟೆಂಪೊ ಅಲ್ಲ. ತಳ್ಳಿ ಸ್ಟಾರ್ಟ್ ಮಾಡೋಕಾಗಲ್ಲ" ಎಂದಳು ರೇಖಾ.

ಪ್ಲಗ್ಗನ್ನು ಫ್ರಿಜ್ಜಿನ ಜಾಗಕ್ಕೆ ಹಾಕಿದರು, ಟಿವಿಯ ಜಾಗಕ್ಕೆ ಹಾಕಿದರು. ನಾನು ಹಾಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಹಾಲಿಗೆ. ರಸ್ತೆ ತುದಿಯ ಸೈಬರ್ ಅಂಗಡಿಯವನು ಹಬ್ಬಕ್ಕೆ ಊರಿಗೆ ಹೋಗಿ ಬೀಗ ಹಾಕಿದ್ದ. ಕಂಪ್ಯೂಟರ್ ರಿಪೇರಿಯ ರಮೇಶನೂ ಊರಿಗೇ ಹೋಗಿದ್ದ, ಪುಣ್ಯಕ್ಕೆ ಫೋನೆತ್ತಿದ. ರೇಖಾ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. ಪಕ್ಕದ ತಗಡು ಬಿಚ್ಚಿ, ಒಳಗಿರುವ ಉದ್ದನೆಯ ಹಸಿರು ಪಟ್ಟಿ ತೆಗೆದು, ಅದರ ಅಂಚನ್ನು ರಬ್ಬರಿನಿಂದ ಉಜ್ಜಿ ಹಾಕಿ ಎಂದ. ಮಕ್ಕಳ ಜಾಮಿಟ್ರಿ ಬಾಕ್ಸಿನಿಂದ ರಬ್ಬರ್ ತಂದು ಮಂಜು ಉಜ್ಜಿದ. ತಗಡು ತೆಗೆದಾಗ ಒಳಗಿದ್ದ ಧೂಳು ನೋಡಿ, ವಾರಕ್ಕೆರಡು ದಿನ ಮನೆ ಒರೆಸುವವಳು ನಾನು, ನಾಚಿಕೆಯಿಂದ ಬೇರೆ ಕಡೆ ನೋಡಿದೆ. ಉಜ್ಜಿ ಹಾಕಿದ ಮೇಲೂ ಗುರ್, ತಣ್ಣಗೆ.

"ಯಾರಾದ್ರೂ ಅದನ್ನ ಮುಟ್ಟಿದ್ರಾ? ನೀರು ಗೀರು ಬಿತ್ತಾ?" ಎಂದ ರಮೇಶ.

"ಪೂಜೆ ಮಾಡಿದ್ದು ಬಿಟ್ರೆ ಯಾರೂ ಮುಟ್ಟಿಲ್ಲಪ್ಪ" ಎಂದೆ ನಾನೇ.

"ಪೂಜೆ ಮಾಡಿದೀರಲ್ಲ ಅಜ್ಜಿ, ಹಂಗಾದ್ರೆ ಏನೂ ಆಗಿರಲ್ಲ ಬಿಡಿ" ಎಂದ.

ಗಡಿಯಾರ ಹತ್ತೂ ಮುಕ್ಕಾಲಿಗೆ ಬಂತು. ರೇಖಾ ಮಾತು ನಿಲ್ಲಿಸಿ ಸೆರಗಿನ ತುದಿ ತಿರುಚುತ್ತಾ ನೆಲ ನೋಡುತ್ತಿದ್ದಳು. ಬೈದರೆ ಬೈಸಿಕೊಳ್ಳಬಹುದು, ಆ ಹುಡುಗಿ ಸುಮ್ಮನಾದರೆ ನನಗೆ ಹೆದರಿಕೆ. ಆಗ ಫಕ್ಕನೆ ಹೊಳೆಯಿತು. ಪೂಜೆ ಮಾಡಿದ್ದೇನೆ, ಕದಲಿಸಿಲ್ಲ! ಕಲಶವಾಗಲಿ, ಆಯುಧವಾಗಲಿ, ಪೂಜೆ ಮುಗಿದ ಮೇಲೆ ಒಂಚೂರು ಉತ್ತರಕ್ಕೆ ಸರಿಸಬೇಕು. ಆಮೇಲೆ ತಾನೆ ಅದನ್ನು ಬಳಸುವುದು. ಮಿಕ್ಸಿಯನ್ನೇನೋ ಸರಿಸಿದ್ದೆ. ಇದು ಭಾರ ಎಂದು ಬಿಟ್ಟಿದ್ದೆ.

"ಸರಿಯೋ ಆಚೆ" ಎಂದು ಮಗನನ್ನು ತಳ್ಳಿ, ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಉತ್ತರಕ್ಕೆ ನೂಕಿದೆ. ಕೋಪ, ಅವಸರ ಎರಡೂ ಸೇರಿ ಒಂಚೂರು ಸರಿಯಬೇಕಾದದ್ದು ಪೂರ್ತಿ ಹೋಗಿ ಗೋಡೆಗೆ ಧಡ್ ಎಂದು ಬಡಿಯಿತು.

"ಅಯ್ಯೋ ಅತ್ತೆ, ಒಡೆದೇ ಹಾಕ್ಬಿಟ್ರಾ" ಎಂದು ರೇಖಾ ಓಡಿಬಂದು ಗುಂಡಿ ಒತ್ತಿದಳು. ಗುರ್ ಎಂದಿತು. ನಿಲ್ಲಲಿಲ್ಲ. ಪರದೆ ಬೆಳಗಿತು, ಮೊಮ್ಮಕ್ಕಳ ಫೋಟೊ ಬಂತು. ಮಂಜು ನನಗೆ ಕೈ ಮುಗಿದುಬಿಟ್ಟ. "ಅಮ್ಮ, ನೀನೇ ಅಂಗಡಿ ಇಡು" ಎಂದ. ನಾನೂ ದೊಡ್ಡ ಮುಖ ಮಾಡಿಕೊಂಡು, ಶಾಸ್ತ್ರ ಅಂತ ಸುಮ್ಮನೆ ಮಾಡಿಲ್ಲ ಎಂದು ಇನ್ನೂ ಏನೇನೋ ಹೇಳುವವಳಿದ್ದೆ. ಅಷ್ಟರಲ್ಲಿ ರೇಖಾ ನೆಲದಿಂದ ಏನನ್ನೋ ಹೆಕ್ಕಿ ನನ್ನ ಅಂಗೈಗೆ ಹಾಕಿದಳು. ಕಲ್ಲಿನಂತೆ ಒಣಗಿದ ಅರಿಶಿನದ ಬಿಲ್ಲೆ. ಒಂದು ಕಡೆ ಗುಂಡಿಯ ಅಚ್ಚು, ಇನ್ನೊಂದು ಕಡೆ ನನ್ನ ಹೆಬ್ಬೆರಳಿನ ಗುರುತು.

"ಗುಂಡಿ ಒಳಗೇ ಅಂಟ್ಕೊಂಡಿತ್ತು ಅತ್ತೆ. ಯಾರೋ ಸದಾ ಒತ್ತಿ ಹಿಡ್ಕೊಂಡಂಗೆ" ಎಂದಳು. ಮರುಕ್ಷಣ ಪರೀಕ್ಷೆಗೆ ಕೂತಳು.

ಸಂಜೆಗೆ ಫೋನು ಬಂತು, ಕೆಲಸ ಸಿಕ್ಕಿತು, ನಾಳೆಯಿಂದಲೇ ಶುರು. ಪಾಯಸ ಮಾಡಿದೆ. ಉಣ್ಣುವಾಗ ರೇಖಾ ಮೆಲ್ಲಗೆ ಹೇಳಿದಳು: "ಅತ್ತೆ, ದಿನಾ ಮಧ್ಯಾಹ್ನ ಮೀಟಿಂಗ್ ಇರುತ್ತಂತೆ. ನೀವು ಹಾಲ್‌ನಲ್ಲಿ ಮಲಗಿ ಗೊರಕೆ ಹೊಡೆದ್ರೆ ಅವರಿಗೆಲ್ಲ ಕೇಳ್ಸುತ್ತೆ."

ಮಾರನೇ ದಿನ ಬೆಳಿಗ್ಗೆ ಸ್ನಾನ ಮಾಡಿ, ಕುಂಕುಮದ ಬಟ್ಟಲು ಹಿಡಿದು ಆ ಗುಂಡಿಯ ಎದುರು ಸ್ವಲ್ಪ ಹೊತ್ತು ನಿಂತೆ. ಬೆಲ್ಲದ ಡಬ್ಬ ಎಲ್ಲಿದೆ ಎನ್ನುವುದೂ ನೆನಪಾಯಿತು. ಆಮೇಲೆ ಪೆಟ್ಟಿಗೆಯ ನೆತ್ತಿಗೆ ಒಂದು ಒಣ ಬೊಟ್ಟಿಟ್ಟು, ನನ್ನ ಚಾಪೆ ದಿಂಬು ಸುತ್ತಿಕೊಂಡು ಅಡುಗೆಮನೆಗೆ ಹೋದೆ.