ಜಿಲೇಬಿಗೆ ಸಣ್ಣ ಗಾಳ

ಧಾರವಾಡದ ಮಾರ್ಕೆಟ್ಟಿನಲ್ಲಿ ನಮ್ಮದೊಂದು ಹಗ್ಗದ ಅಂಗಡಿ. ಬಾವಿ ಹಗ್ಗ, ದನ ಕಟ್ಟುವ ಹಗ್ಗ, ಚೀಲ ಹೊಲಿಯುವ ಸುತಳಿ, ಒಂದು ಮೂಲೆಯಲ್ಲಿ ಮೀನಿನ ಗಾಳ. ಹಗ್ಗಕ್ಕೆ ಬಂದವರು ಹಗ್ಗ ಒಯ್ಯುತ್ತಾರೆ, ಮುಗಿಯಿತು. ಗಾಳಕ್ಕೆ ಬಂದವರು ಮಾತ್ರ ವಾರಕ್ಕೊಂದಾದರೂ ಕಥೆ ಬಿಟ್ಟು ಹೋಗುತ್ತಾರೆ. ನಾನು ಹುಟ್ಟಿದ್ದೂ ಲಿಂಗಾಯತರ ಮನೆ, ಮದುವೆಯಾಗಿ ಬಂದದ್ದೂ ಲಿಂಗಾಯತರ ಮನೆ. ಮೀನನ್ನು ಹತ್ತಿರದಿಂದ ನೋಡಿದ್ದೆಂದರೆ ಹಲ್ಲಿನ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ. ಯಜಮಾನರಿಗೆ ಬೆನ್ನುನೋವು ಬಂದು, ಗಲ್ಲೆಯ ಮೇಲೆ ನಾನು ಕೂತ ಮೇಲೆ ನಡೆದದ್ದಿಷ್ಟು.

ಬೆಂಡು

ಕೂತ ಮೊದಲ ವಾರ. ರೈಲ್ವೆಯಿಂದ ರಿಟೈರಾದ ಹಿರಿಯರೊಬ್ಬರು ಬಂದರು.

"ಯವ್ವಾ, ಜಿಲೇಬಿಗೆ ಹೊಂಟೇನಿ. ಒಂದು ಹಗೂರ ಬೆಂಡು ಕೊಡು."

"ಕಾಕಾ, ಇದು ಹಗ್ಗದ ಅಂಗಡಿರಿ. ಜಿಲೇಬಿ ಎದುರಿನ ಮಿಠಾಯಿ ಅಂಗಡ್ಯಾಗ ಸಿಗತೈತಿ. ಬೆಂಡು ಬೆತ್ತಾಸ ಮಾತ್ರ ಜಾತ್ರಿಗೇ ಬರ್ತಾವು, ಈಗ ಸಿಗೂದಿಲ್ಲ."

ಕಾಕಾ ನನ್ನ ಮುಖ ನೋಡಿದರು, ಮಿಠಾಯಿ ಅಂಗಡಿ ನೋಡಿದರು, ಆಮೇಲೆ ಸ್ಟೂಲು ಎಳೆದುಕೊಂಡು ಕೂತು ಪಾಠ ಹೇಳಿದರು. ಜಿಲೇಬಿ ಅಂದರೆ ಕೆರೆಯಲ್ಲಿ ಸಿಗುವ ಅಂಗೈಯಗಲದ ಮೀನು. ಬೆಂಡು ಅಂದರೆ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ತುಂಡು. ಮೀನು ಕಚ್ಚಿದರೆ ಅದು ಮುಳುಗುತ್ತದೆ. ಜಿಲೇಬಿಯ ಬಾಯಿ ಸಣ್ಣದು. ಹಾಗಾಗಿ ಗಾಳ ಸಣ್ಣದಿರಬೇಕು, ದಾರ ತೆಳ್ಳಗಿರಬೇಕು, ಕೋಲಿನ ತುದಿ ಬಳುಕಬೇಕು. ದಂಡೆಯ ಮೇಲೆ ಕೂತು ಹಿಡಿಯುವವರಿಗೆ ಇಷ್ಟು ವಿದ್ಯೆ ಸಾಕು.

ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಕಾಕಾ ಬೆಂಡು ಕಿಸೆಗೆ ಹಾಕಿಕೊಂಡು ಎದ್ದರು.

"ಇನ್ನೊಂದು ಮಾತು ಯವ್ವಾ. ಹಾವಮೀನ ಅಂತ ಒಂದೈತಿ. ಯಾರರ ಅದರ ಗಾಳ ಕೇಳಿದ್ರ, ಹಾವು ಹಿಡಿಯೋರಿಗೆ ಫೋನ್ ಮಾಡಬ್ಯಾಡ."

ದೊಡ್ಡ ಗಾಳ

ಅಮರಗೋಳದಿಂದ ಕಾಳಿನ ವ್ಯಾಪಾರಿಯೊಬ್ಬರು ಬಂದರು. ಅವರದು ಎಲ್ಲವೂ ದೊಡ್ಡದು: ದೇಹ, ಕಾರು, ದನಿ. ನಾನು ಕಲಿತ ವಿದ್ಯೆಯನ್ನೆಲ್ಲ ಒಪ್ಪಿಸಿ ಸಣ್ಣ ಗಾಳ ತೋರಿಸಿದೆ.

"ಅಕ್ಕಾರ, ಇದು ನನ್ನ ಕೈಯಾಗ ಕಾಣಸೂದೂ ಇಲ್ಲ. ಎಲ್ಲಾಕಿಂತ ದೊಡ್ಡದು ಕೊಡ್ರಿ."

ಸಮುದ್ರದ ಮೀನಿಗೆಂದು ಯಾರೋ ತರಿಸಿ ಒಯ್ಯದೇ ಬಿಟ್ಟ ಗಾಳವೊಂದಿತ್ತು. ಬಾವಿಗೆ ಬಿದ್ದ ಕೊಡವನ್ನು ಅದರಿಂದ ಎತ್ತಬಹುದಿತ್ತು. ಅದನ್ನೂ ಅದಕ್ಕೆ ತಕ್ಕ ದಪ್ಪ ದಾರವನ್ನೂ ಖುಷಿಯಿಂದ ಒಯ್ದರು.

ಮೂರು ರವಿವಾರ ಕೆಲಗೇರಿ ಕೆರೆಯ ದಂಡೆಗೆ ಕೂತರಂತೆ. ಅಷ್ಟು ದೊಡ್ಡ ಗಾಳ ಮುಚ್ಚಬೇಕೆಂದರೆ ಪ್ರತಿ ಸಲ ಲಿಂಬೆಹಣ್ಣಿನಷ್ಟು ಗೋಧಿಹಿಟ್ಟಿನ ಉಂಡೆ ಬೇಕು. ಜಿಲೇಬಿಗಳು ಸುತ್ತಲೂ ಬಂದು, ಹಿಟ್ಟು ತಿಂದು, ಕಬ್ಬಿಣ ಬಿಟ್ಟು ಹೋದವು. ನಾಲ್ಕನೆಯ ವಾರ ಅಂಗಡಿಗೆ ಫೋನ್ ಬಂತು.

"ಅಕ್ಕಾರ, ನಾನು ಅಮರಗೋಳದವರ ಮನಿಯಾಕಿ ಮಾತಾಡಾಕತ್ತೇನಿ. ಅವರಿಗೆ ಸಣ್ಣ ಗಾಳ ಕೊಡ್ರಿ."

"ಅವರು ಒಲ್ಲೆ ಅಂತಾರಲ್ಲರಿ."

"ಹಂಗಾರ ಗಾಳದ ಜೋಡಿ ನೀವ ಹಿಟ್ಟೂ ಕೊಡ್ರಿ. ನಮ್ಮನಿ ಚಪಾತಿ ಎಲ್ಲಾ ಕೆರಿ ಮೀನ ತಿನ್ನಾಕತ್ತಾವು."

ಗುಂಡಿ

ಮಾಳಮಡ್ಡಿಯ ಮಾಸ್ತರರ ಬೇಡಿಕೆ ಇದಕ್ಕೆ ಪೂರ್ತಿ ಉಲ್ಟಾ. ಸಾಲಿಯಿಂದ ನಿವೃತ್ತರಾದವರು, ಉಳ್ಳಾಗಡ್ಡಿಯನ್ನೂ ತಿನ್ನದ ಮಂದಿ.

"ಅಗದೀ ಹಗೂರ ಸಾಮಾನು ಕೊಡ್ರಿ. ಎಷ್ಟು ಹಗೂರ ಅಂದ್ರ, ಮೀನು ಬೀಳಬಾರದು."

"ಮತ್ತ ಯಾಕ್ರಿ ಮಾಸ್ತರ?"

"ನಮ್ಮಾಕಿ ರವಿವಾರ ಮುಂಜಾನೆ ಹಾಡಿನ ಕ್ಲಾಸು ನಡಸ್ತಾಳ. ಎಂಟು ಮಂದಿ ಕಲೀತಾರ, ಎಂಟೂ ಮಂದಿ ಬ್ಯಾರೆ ಬ್ಯಾರೆ ಕಡೆ ತಪ್ಪತಾರ. ಕೆರಿ ದಂಡಿಗೆ ಸುಮ್ಮನ ಕೂತ್ರ ಮಂದಿ ಬಂದು ಮಾತಾಡಸ್ತಾರ. ಗಾಳ ಹಿಡದು ಕೂತವನ್ನ ಯಾರೂ ಮಾತಾಡಸೂದಿಲ್ಲ."

ಬಿದಿರಿನ ಕೋಲು, ತೆಳ್ಳನೆಯ ದಾರ, ಒಂದು ಬೆಂಡು ಕೊಟ್ಟೆ. ಗಾಳ ಬೇಡವೆಂದರು. ದಾರ ನೀರಿನಲ್ಲಿ ನಿಲ್ಲಲೆಂದು ಅದರ ತುದಿಗೆ ತಮ್ಮ ಹಳೆಯ ಅಂಗಿಯ ಗುಂಡಿ ಕಟ್ಟಿಕೊಂಡರು.

ಎರಡು ರವಿವಾರ ಪರಮಶಾಂತಿ. ಮೂರನೆಯದರಲ್ಲಿ ಬೆಂಡು ಮುಳುಗಿತು. ಗಾಬರಿಯಾಗಿ ಕೋಲು ಎತ್ತಿದರೆ, ಗುಂಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಒಂದು ಏಡಿ ಮೇಲೆ ಬಂತು. ದಂಡೆಯ ಮಂದಿಯೆಲ್ಲ ಓಡಿ ಬಂದರು. ಯಾವ ಗಾಳ, ಯಾವ ದಾರ, ಗುಂಡಿ ಯಾವ ಬಣ್ಣದ್ದು ಅಂತ ಪ್ರಶ್ನೆಯ ಮೇಲೆ ಪ್ರಶ್ನೆ. ಮರುವಾರ ಮೂವರು ನನ್ನ ಅಂಗಡಿಗೆ ಬಂದು 'ಮಾಸ್ತರರ ಗುಂಡಿ' ಕೇಳಿದರು.

ಮಾಸ್ತರರು ಕೋಲನ್ನು ವಾಪಸು ತಂದಿಟ್ಟರು. "ಇನ್ನ ಮನ್ಯಾಗ ಇರ್ತೀನ್ರಿ. ಆ ಹಾಡೇ ಶಾಂತ ಅನಸ್ತದ."

ನನ್ನ ಸರದಿ

ಕಡೆಗೆ ಬಂದವನು ಮೈತುಂಬ ಕಿಸೆಯಿರುವ ಅಂಗಿ ತೊಟ್ಟ ತರುಣ. ಸಣ್ಣ ಗಾಳ ಒಯ್ಯಿರಿ ಎಂದದ್ದಕ್ಕೆ ನಕ್ಕ.

"ಅಕ್ಕಾರ, ಎಲ್ಲಾರಿಗೂ ಹೇಳ್ತೀರಿ. ನೀವು ಜೀವಮಾನದಾಗ ಒಂದರ ಮೀನು ಹಿಡದೀರೇನು?"

ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು. ನಾಲ್ವರೂ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ನನ್ನನ್ನೇ ನೋಡಿದರು. ನನ್ನ ಮಾತಿಗೆ ಬೆಲೆ ಹೋದರೆ ಗಾಳದ ಮೂಲೆ ಮುಚ್ಚಿದಂತೆಯೇ. "ರವಿವಾರ ಕೆಲಗೇರಿಗೆ ಬರ್ರಿ" ಅಂದುಬಿಟ್ಟೆ.

ಅಂದ ಮೇಲೆ ಅತ್ತೆ ನೆನಪಾದರು. ಎಂಬತ್ತು ದಾಟಿದವರು. ತತ್ತಿ ಬೇಯಿಸುವ ಮನೆಯಲ್ಲಿ ನೀರನ್ನೂ ಕುಡಿಯರು. ನಾವು ಮಾರುವ ಗಾಳಗಳನ್ನು ಅವರಿಗೆ ಇಷ್ಟು ವರ್ಷ 'ಕೊಕ್ಕಿ' ಅಂತಲೇ ಹೇಳಿಕೊಂಡು ಬಂದಿದ್ದೆವು. ವಾಕಿಂಗ್ ಹೋಗುತ್ತೇನೆಂದು ಸುಳ್ಳು ಹೇಳಿ ಮನೆ ಬಿಟ್ಟೆ.

ದಂಡೆಯಲ್ಲಿ ರೈಲ್ವೆ ಕಾಕಾ ಪಕ್ಕದಲ್ಲಿ ಕೂತರು. ಮೊದಲ ಸಲ ಬೀಸಿದಾಗ ಗಾಳ ನನ್ನ ಸೆರಗಿಗೇ ಸಿಕ್ಕಿತು. ಎರಡನೆಯ ಸಲ ಕಾಕಾನ ಟೊಪ್ಪಿಗೆಗೆ. ತರುಣ ಬಾಯಿಗೆ ಕೈ ಅಡ್ಡ ಹಿಡಿದ. ಮೂರನೆಯ ಸಲ ನೀರಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಬೆಂಡು ಎರಡು ಸಲ ಕುಣಿದು ಮುಳುಗಿತು. "ಎಳಿಬ್ಯಾಡ, ಎತ್ತು" ಅಂದರು ಕಾಕಾ. ಎತ್ತಿದೆ. ಕೋಲಿನ ತುದಿ ಬಿಲ್ಲಿನಂತೆ ಬಾಗಿ, ಅಂಗೈಯಗಲದ ಜಿಲೇಬಿ ಬಿಸಿಲಿನಲ್ಲಿ ಮಿಂಚುತ್ತ ಮೇಲೆ ಬಂತು. ಮುಟ್ಟಲು ನನಗೆ ಧೈರ್ಯವಾಗಲಿಲ್ಲ. ಕಾಕಾನೇ ಬಿಡಿಸಿ ನೀರಿಗೆ ಬಿಟ್ಟರು. ತರುಣ ಸುಮ್ಮನೆ ಸಣ್ಣ ಗಾಳದ ನಂಬರು ಕೇಳಿಕೊಂಡ.

ಅಷ್ಟರಲ್ಲಿ ಯಾರೋ ಫೋಟೋ ತೆಗೆದಿದ್ದರು. ನಾನು ಮನೆ ಮುಟ್ಟುವ ಮೊದಲೇ ಅದು ನಮ್ಮ ಬಳಗದ ವಾಟ್ಸಾಪ್ ಗ್ರೂಪು ಮುಟ್ಟಿತ್ತು. ಬಾಗಿಲಲ್ಲಿ ಯಜಮಾನರು ನಿಂತಿದ್ದರು.

"ಅವ್ವ ನೋಡ್ಯಾಳ" ಅಂದರು, ಅಷ್ಟೇ.

ಒಳಗೆ ಅತ್ತೆ ಚಾಳೀಸು ಮೂಗಿಗೇರಿಸಿಕೊಂಡು ಫೋನು ಹಿಡಿದು ಕೂತಿದ್ದರು. ನಾನು ಕಂಬದ ಪಕ್ಕ ತಲೆ ತಗ್ಗಿಸಿ ನಿಂತೆ. ಅತ್ತೆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು.

"ದಾರ ದಪ್ಪ ಆತು."

ನನಗೆ ಅರ್ಥವಾಗಲಿಲ್ಲ. "ಏನ್ರಿ ಅತ್ತಿ?"

"ಇಷ್ಟ ಸಣ್ಣ ಮೀನಿಗೆ ಈ ದಾರ ದಪ್ಪ ಅಂತ ಹೇಳಿದೆ. ನಮ್ಮ ತವರೂರ ಕೆರ್‍ಯಾಗ ನಾವು ಕುದುರಿ ಬಾಲದ ಕೂದಲಾ ಕಟ್ಟತಿದ್ವಿ. ಕಾಗದಕ್ಕ ಚುಚ್ಚೂ ಟಾಚಣಿ ಬಗ್ಗಿಸಿದ್ರ ಅದ ಗಾಳ. ಜ್ವಾಳದ ದಂಟಿನ ತುಂಡು ಬೆಂಡು. ತಾಸಿನ್ಯಾಗ ಬುಟ್ಟಿ ತುಂಬತಿತ್ತು."

ಯಜಮಾನರು ಗೋಡೆ ಹಿಡಿದುಕೊಂಡರು. ಬೆನ್ನುನೋವಿಗಲ್ಲ.

"ಬುಟ್ಟಿ ತುಂಬ ಹಿಡದು ಏನ ಮಾಡತಿದ್ದಿ ಯವ್ವಾ?"

ಅತ್ತೆ ಫೋನನ್ನು ಮಗನ ಕೈಗೆ ಕೊಟ್ಟು, "ನನಗ ಪೂಜಿ ಹೊತ್ತಾತು" ಅಂತ ಎದ್ದು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವತ್ತಿನ ಪೂಜೆ ಮುಗಿದು ಎರಡು ತಾಸಾಗಿತ್ತು.